ಸಕ್ಸಾಯ್‌ವಾಮನ್ ಕೋಟೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪೆರು ದೇಶದ ಈ ಕಲ್ಲಿನ ಕೋಟೆಯ ಫೋಟೊ ವಾಟ್ಸಾಪ್‌ನಲ್ಲಿ ಆಗಾಗ ಸುತ್ತುತ್ತಿರುತ್ತದೆ. ಜೊತೆಗೆ "ಇದು ಮನುಷ್ಯರ ಕೈಲಿ ಆಗುವ ಕೆಲಸವೇ ಅಲ್ಲ" ಅನ್ನುವ ಒಂದು ಸಾಲೂ ಇರುತ್ತದೆ. ಮನುಷ್ಯರೇ ಮಾಡಿದ ಕೆಲಸ ಇದು. ಯಾರು ಮಾಡಿದರು, ಯಾವಾಗ, ಯಾವ ಸಲಕರಣೆ ಹಿಡಿದು ಅನ್ನುವುದು ಬಹುಮಟ್ಟಿಗೆ ಗೊತ್ತಿದೆ. ಜನ ಜಾಸ್ತಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಈ ಕೋಟೆ ಎಲ್ಲಿದೆ? ನೋಡಲು ಹೇಗಿದೆ?

ದಕ್ಷಿಣ ಅಮೆರಿಕದ ಪೆರುವಿನಲ್ಲಿ, ಆಂಡಿಸ್ ಬೆಟ್ಟಗಳ ನಡುವೆ ಕುಸ್ಕೊ ಪಟ್ಟಣವಿದೆ. ಒಂದು ಕಾಲಕ್ಕೆ ಇಂಕಾ ಸಾಮ್ರಾಜ್ಯದ ರಾಜಧಾನಿ. ಪಟ್ಟಣದ ಉತ್ತರಕ್ಕೆ, ನೇರ ತಲೆಯ ಮೇಲೆ ಅನ್ನುವ ಹಾಗೆ ಒಂದು ಗುಡ್ಡ. ಅದರ ಮೇಲೆ ಸಕ್ಸಾಯ್‌ವಾಮನ್. ಸಮುದ್ರಮಟ್ಟದಿಂದ ಸುಮಾರು 3,700 ಮೀಟರ್ ಎತ್ತರ.

ಪಟ್ಟಣದ ಕಡೆಗೆ ಗುಡ್ಡ ಕಡಿದಾಗಿ ಇಳಿಯುತ್ತದೆ. ಆ ಕಡೆಯಿಂದ ಹತ್ತಿ ಬರುವುದು ಕಷ್ಟ. ಹಿಂಬದಿಯಲ್ಲಿ ಮಾತ್ರ ಅಗಲವಾದ ಬಯಲಿದೆ. ಆ ಬಯಲಿಗೆ ಎದುರಾಗಿ, ಒಂದರ ಮೇಲೊಂದು ಮೆಟ್ಟಿಲಾಗಿ, ಮೂರು ಸಾಲು ಗೋಡೆ ಎದ್ದಿವೆ. ಅತಿ ಉದ್ದದ ಗೋಡೆ ಸುಮಾರು 400 ಮೀಟರ್. ಮೂರೂ ನೇರವಾಗಿಲ್ಲ, ಅಂಕುಡೊಂಕಾಗಿ ಒಳಗೆ ಹೊರಗೆ ತಿರುಗುತ್ತ ಹೋಗುತ್ತವೆ. ಫೋಟೊಗಳಲ್ಲಿ ನೋಡುವ ಬೃಹತ್ ಕಲ್ಲುಗಳು ಕೆಳಗಿನ ಸಾಲಿನವು. ಮೇಲೆ ಹೋದಂತೆ ಕಲ್ಲುಗಳು ಚಿಕ್ಕವಾಗುತ್ತವೆ.

ಎಷ್ಟು ಹಳೆಯದು? ಹನ್ನೆರಡು ಸಾವಿರ ವರ್ಷ ಅಂತಾರಲ್ಲ?

ಅದಕ್ಕೆ ಆಧಾರ ಇಲ್ಲ. ಗುಡ್ಡದ ಮೇಲೆ ಮೊದಲು ನೆಲೆ ಮಾಡಿದವರು ಇಂಕಾಗಳಿಗಿಂತ ಹಿಂದಿನ ಕಿಲ್ಕೆ ಜನ. ಅವರ ಕಾಲ ಕ್ರಿ.ಶ. 900ರಿಂದ 1200ರವರೆಗೆ. ಈಗ ಕಾಣುವ ದೊಡ್ಡ ಗೋಡೆಗಳ ಕೆಲಸ ಶುರುವಾಗಿದ್ದು ಪಾಚಾಕುಟಿ ಎಂಬ ಇಂಕಾ ದೊರೆಯ ಕಾಲದಲ್ಲಿ. ಅವನ ಆಳ್ವಿಕೆಯನ್ನು ಸಾಮಾನ್ಯವಾಗಿ 1438ರಿಂದ 1471 ಎಂದು ಹೇಳುತ್ತಾರೆ. ಅವನ ಮಗ ಟೋಪಾ ಇಂಕಾ, ಮೊಮ್ಮಗ ಹುವಾಯ್ನಾ ಕಪಾಕ್ ಕೆಲಸ ಮುಂದುವರಿಸಿದರು.

ನಮ್ಮ ಕಡೆಯ ಲೆಕ್ಕದಲ್ಲಿ ಹೇಳಬೇಕೆಂದರೆ, ವಿಜಯನಗರದಲ್ಲಿ ಪ್ರೌಢದೇವರಾಯ ಆಳುತ್ತಿದ್ದ ಹೊತ್ತಿಗೆ ಪಾಚಾಕುಟಿ ಪಟ್ಟಕ್ಕೆ ಬಂದ. ಹಂಪಿಯ ಕೋಟೆಗೋಡೆಗಳಲ್ಲೂ ಗಾರೆ ಇಲ್ಲದೆ ಕೂರಿಸಿದ ದೊಡ್ಡ ದೊಡ್ಡ ಕಲ್ಲುಗಳಿವೆ. ಎರಡು ಕಡೆಯವರಿಗೂ ಪರಸ್ಪರ ಸುಳಿವೇ ಇರಲಿಲ್ಲ. ಆದರೂ ಅವರು ಒಂದೇ ಕಾಲದವರು ಅನ್ನುವುದು ನೆನಪಿದ್ದರೆ "ಯಾವುದೋ ಮರೆತುಹೋದ ಆದಿಯುಗ" ಎಂಬ ಮಾತಿಗೆ ಮರುಳಾಗುವುದಿಲ್ಲ.

ಕಲ್ಲಿನ ವಯಸ್ಸು ನೋಡಿ ಗೋಡೆಯ ವಯಸ್ಸು ಹೇಳಲು ಆಗುವುದಿಲ್ಲ. ಕಲ್ಲು ಕೋಟ್ಯಂತರ ವರ್ಷ ಹಳೆಯದೇ. ಹಾಗಾಗಿ ಗೋಡೆಯ ಬುಡದಲ್ಲಿ, ಹಿಂದೆ ತುಂಬಿದ ಮಣ್ಣಿನಲ್ಲಿ ಸಿಗುವ ಮಡಕೆ ಚೂರು, ಕಟ್ಟಡದ ಶೈಲಿ, ಸ್ಪ್ಯಾನಿಷರು ಬಂದಾಗ ಅಲ್ಲಿನವರೇ ಹೇಳಿದ ಮಾತು, ಇವನ್ನೆಲ್ಲ ಸೇರಿಸಿ ಕಾಲ ನಿರ್ಧರಿಸುತ್ತಾರೆ. ಇಲ್ಲಿ ಇವೆಲ್ಲ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತವೆ.

ಬೃಹತ್ ಶಿಲೆಗಳ ಕೋಟೆ ಅಂದರೆ, ನಮ್ಮ ಹಿರೇಬೆಣಕಲ್‌ನ ಬೃಹತ್ ಶಿಲಾ ಸಂಸ್ಕೃತಿಗೆ ಸಂಬಂಧಪಟ್ಟಿದ್ದಾ?

ಇಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದಲ್ಲಿರುವುದು ಕಬ್ಬಿಣಯುಗದ ಜನ ಕಲ್ಲುಚಪ್ಪಡಿ ನಿಲ್ಲಿಸಿ ಮಾಡಿದ ಸಮಾಧಿಗಳು. ಊರವರು ಮೋರ್ಯರ ಗುಡ್ಡ ಅನ್ನುವ ಜಾಗ ಅದು. ಎರಡು ಸಾವಿರ ವರ್ಷಕ್ಕೂ ಹಿಂದಿನದು. ಸಕ್ಸಾಯ್‌ವಾಮನ್ ಕಟ್ಟಿದವರಿಗೆ ಕಬ್ಬಿಣವೇ ಗೊತ್ತಿರಲಿಲ್ಲ, ಕಾಲವೂ ತೀರಾ ಈಚಿನದು. ದೊಡ್ಡ ಕಲ್ಲು ಬಳಸಿದ್ದಾರೆ ಅನ್ನುವುದೊಂದೇ ಸಾಮ್ಯ.

ಅತಿ ದೊಡ್ಡ ಕಲ್ಲು ಎಷ್ಟು ತೂಕ ಇರಬಹುದು?

ನೂರು ಟನ್ನಿಗಿಂತ ಹೆಚ್ಚು. 125 ಟನ್ನಿನ ಸುತ್ತಮುತ್ತ ಎಂದು ಕೆಲವರು, 200ರವರೆಗೂ ಇರಬಹುದು ಎಂದು ಇನ್ನು ಕೆಲವರು ಲೆಕ್ಕ ಹಾಕಿದ್ದಾರೆ. ಯಾರೂ ತಕ್ಕಡಿಗೆ ಹಾಕಿ ತೂಗಿಲ್ಲ ನೋಡಿ. ಹೊರಗೆ ಕಾಣುವ ಮುಖ ಅಳೆದು, ಒಳಗಿನ ದಪ್ಪ ಇಷ್ಟಿರಬಹುದು ಎಂದು ಊಹಿಸಿ ಗುಣಿಸಬೇಕು. ಲೆಕ್ಕಗಳು ಬೇರೆ ಬೇರೆ ಬರುವುದು ಅದಕ್ಕೇ. "360 ಟನ್", "500 ಟನ್" ಎಂದು ಬರೆದದ್ದು ಕಂಡರೆ ದಪ್ಪವನ್ನು ಹೇಗೆ ಅಳೆದರು ಎಂದು ಕೇಳಿ.

ಇಷ್ಟು ದೊಡ್ಡ ಕಲ್ಲನ್ನು 35 ಕಿಲೋಮೀಟರ್ ದೂರದಿಂದ ತಂದರಂತೆ, ನಿಜವಾ?

ಇಲ್ಲಿ ಎರಡು ವಿಷಯ ಕಲಸಿಹೋಗಿವೆ. ಕೋಟೆಯಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ಕಲ್ಲುಗಳಿವೆ. ಮೂರು ಸಾಲಿನ ದೈತ್ಯ ಗೋಡೆಗಳು ಸುಣ್ಣದ ಕಲ್ಲಿನವು. ಆ ಕಲ್ಲು ಅದೇ ಗುಡ್ಡದ ಆಸುಪಾಸಿನದು. ಒಳಗಿದ್ದ ಕಟ್ಟಡಗಳಿಗೆ ಬಳಸಿದ ನುಣುಪಾದ ಕಪ್ಪು ಆಂಡಿಸೈಟ್ ಕಲ್ಲು ಮಾತ್ರ ದೂರದ ರುಮಿಕೋಲ್ಕಾ ಕ್ವಾರಿಯಿಂದ ಬಂದದ್ದು. ಆ 35 ಕಿಲೋಮೀಟರ್ ಲೆಕ್ಕ ಅದರದ್ದು. ಆ ಕಲ್ಲುಗಳು ಎಷ್ಟೋ ಚಿಕ್ಕವು.

ಅಂದರೆ ಅತಿ ದೊಡ್ಡ ಕಲ್ಲುಗಳನ್ನು ಅತಿ ಹತ್ತಿರದಿಂದಲೇ ತೆಗೆದರು. ಕೆಲಸ ಬಲ್ಲವರು ಮಾಡುವುದೇ ಹಾಗೆ, ಅಲ್ವಾ?

ಕಬ್ಬಿಣದ ಉಳಿ ಇಲ್ಲದೆ ಕಲ್ಲು ಕೆತ್ತಿದ್ದು ಹೇಗೆ?

ಕಲ್ಲಿನಿಂದಲೇ. ಈ ಪ್ರಶ್ನೆಗೆ ಚೆನ್ನಾಗಿ ಉತ್ತರ ಕೊಟ್ಟವರು ವಾಸ್ತುಶಿಲ್ಪಿ ಜಾನ್-ಪಿಯರ್ ಪ್ರೊಟ್ಜೆನ್. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. 1980ರ ದಶಕದಲ್ಲಿ ಅವರು ಇಂಕಾಗಳ ಹಳೆಯ ಕ್ವಾರಿಗಳಿಗೆ ಹೋಗಿ ಹುಡುಕಿದರು. ಅರ್ಧ ಕೆತ್ತಿ ಬಿಟ್ಟ ಕಲ್ಲುಗಳು ಸಿಕ್ಕವು. ಅವುಗಳ ನಡುವೆ ಆ ಜಾಗಕ್ಕೆ ಸೇರದ ಗುಂಡುಕಲ್ಲುಗಳೂ ಸಿಕ್ಕವು. ನದಿಯಿಂದ ಹೊತ್ತು ತಂದ ಗಟ್ಟಿ ಕಲ್ಲುಗಳು. ಅವೇ ಇಂಕಾಗಳ ಸುತ್ತಿಗೆ.

ಪ್ರೊಟ್ಜೆನ್ ಸುಮ್ನೆ ಬರೆದು ಕೂರಲಿಲ್ಲ, ತಾವೇ ಕೈಗೆತ್ತಿಕೊಂಡು ಹೊಡೆದು ನೋಡಿದರು. ಸುಮಾರು 25 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದದ ಆಂಡಿಸೈಟ್ ತುಂಡು ತೆಗೆದುಕೊಂಡರು. ನಾಲ್ಕು ಕಿಲೋ ತೂಕದ ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಅದರ ಮೇಲೆ ಬೀಳಿಸಿದರು. ಬೀಳುವ ಹೊತ್ತಿಗೆ ಮಣಿಕಟ್ಟನ್ನು ಚೂರು ತಿರುಗಿಸಿದರೆ ಪೆಟ್ಟು ಓರೆಯಾಗಿ ಬೀಳುತ್ತದೆ, ಸಣ್ಣ ಚಕ್ಕೆ ಹಾರುತ್ತದೆ. ಸುತ್ತಿಗೆಕಲ್ಲು ತಾನೇ ಪುಟಿದು ಮೇಲೆ ಬರುವುದರಿಂದ ಎತ್ತುವ ಶ್ರಮವೂ ಕಡಿಮೆ. ಅಂಚು ಮುರಿಯಬಾರದು ಎಂದು ಅಲ್ಲಿಗೆ ಚಿಕ್ಕ ಕಲ್ಲು ಬಳಸಿದರು. ತೊಂಬತ್ತು ನಿಮಿಷದೊಳಗೆ ಮೂರು ಮುಖ, ಐದು ಅಂಚು ಸಿದ್ಧವಾದವು.

ಗೋಡೆಯ ಹತ್ತಿರ ಹೋಗಿ ನೋಡಿದರೆ ಇದರ ಗುರುತು ಇವತ್ತಿಗೂ ಇದೆ. ಒರಳುಕಲ್ಲಿಗೆ ಹೊಸದಾಗಿ ಉಳಿಪೆಟ್ಟು ಹಾಕಿಸಿದಾಗ ಉಳಿಯುವ ಚುಕ್ಕೆಗಳ ಹಾಗೆ ಇಡೀ ಮುಖದ ತುಂಬ ಸಣ್ಣ ಸಣ್ಣ ಗುಳಿಗಳು. ನಡುವೆ ದೊಡ್ಡ ಗುಳಿ, ಅಂಚಿಗೆ ಬಂದಂತೆ ಚಿಕ್ಕ ಗುಳಿ. ದೊಡ್ಡ ಸುತ್ತಿಗೆಕಲ್ಲು ಎಲ್ಲಿ ನಿಂತಿತು, ಚಿಕ್ಕದು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಬಹುದು. ನನ್ನ ಮಟ್ಟಿಗೆ ಇಡೀ ಕೋಟೆಯಲ್ಲಿ ಮೊದಲು ನೋಡಬೇಕಾದ್ದು ಇದು.

ಕಲ್ಲುಗಳ ನಡುವೆ ಬ್ಲೇಡೂ ಹೋಗುವುದಿಲ್ಲವಂತೆ. ಅಷ್ಟು ಬಿಗಿಯಾಗಿ ಹೇಗೆ ಕೂರಿಸಿದರು?

ಎಷ್ಟೋ ಕಡೆ ಹಾಗೇ ಇದೆ. ಪ್ರೊಟ್ಜೆನ್ ಪ್ರಕಾರ ಕೆಳಗಿನ ಕಲ್ಲಿನ ಮೇಲೆ ಹೊಸ ಕಲ್ಲು ಇಟ್ಟು, ಎಲ್ಲಿ ತಗಲುತ್ತದೋ ಅಲ್ಲಿ ಒತ್ತಿದ ಪುಡಿಯ ಗುರುತು ನೋಡಿ ಅಷ್ಟನ್ನೇ ಕುಟ್ಟಿ ತೆಗೆಯುತ್ತಿದ್ದರು. ಸಾಮಾನ್ಯವಾಗಿ ಮೇಲಿನ ಕಲ್ಲಿನ ತಳದ ಆಕಾರಕ್ಕೆ ಕೆಳಗಿನ ಕಲ್ಲನ್ನು ತಗ್ಗು ಮಾಡುತ್ತಿದ್ದರು. ಚಿಕ್ಕ, ಮಧ್ಯಮ ಗಾತ್ರದ ಕಲ್ಲಿಗೆ ಇದು ಸರಿ. ನೂರು ಟನ್ನಿನ ಕಲ್ಲನ್ನು ಹಾಗೆ ಮತ್ತೆ ಮತ್ತೆ ಎತ್ತಿ ಇಳಿಸುವುದು ಆಗದ ಮಾತು. ಅದಕ್ಕೆ ದಿಮ್ಮಿಗಳ ಮೇಲೆ ತಾತ್ಕಾಲಿಕವಾಗಿ ನಿಲ್ಲಿಸಿ, ಒಂದರ ಅಂಚಿನ ಗೆರೆಯನ್ನು ಇನ್ನೊಂದಕ್ಕೆ ಇಳಿಸಿಕೊಂಡು ಕೆತ್ತಿರಬೇಕು ಎಂದು ಅಮೆರಿಕದ ವಾಸ್ತುಶಿಲ್ಪಿ ವಿನ್ಸೆಂಟ್ ಲೀ ವಾದಿಸಿದ್ದಾರೆ. ಈ ಚರ್ಚೆ ಇನ್ನೂ ನಡೆಯುತ್ತಿದೆ. ಚರ್ಚೆ ಇರುವುದು ಯಾವ ವಿಧಾನ ಅನ್ನುವುದರ ಬಗ್ಗೆ ಅಷ್ಟೇ.

ಕೆಲವು ಕಲ್ಲುಗಳ ಕೆಳಭಾಗದಲ್ಲಿ ಗುಬುಟು, ಕಚ್ಚು ಕಾಣುತ್ತವೆ. ಸನ್ನೆಕೋಲು ಹಾಕಲು, ಹಗ್ಗ ಬಿಗಿಯಲು ಬಿಟ್ಟ ಜಾಗ ಅವು.

ಎಳೆದವರು ಯಾರು? ಗುಲಾಮರಾ?

ಇಂಕಾಗಳ ಆಡಳಿತದಲ್ಲಿ ಮಿತಾ ಎಂಬ ಪದ್ಧತಿ ಇತ್ತು. ತೆರಿಗೆಯನ್ನು ಹಣದಲ್ಲಲ್ಲ, ದುಡಿಮೆಯಲ್ಲಿ ಕಟ್ಟಬೇಕು. ಪ್ರತಿ ಸೀಮೆಯವರೂ ಸರದಿಯ ಮೇಲೆ ಬಂದು ನಿಗದಿತ ಅವಧಿ ದುಡಿದು ಹಿಂದಿರುಗುತ್ತಿದ್ದರು. ಊಟ, ವಸತಿ ರಾಜ್ಯದ್ದು. ಯಾವ ಸೀಮೆಯಿಂದ ಎಷ್ಟು ಜನ ಅನ್ನುವ ಲೆಕ್ಕವನ್ನು ಕಿಪು ಎಂಬ ಗಂಟು ಹಾಕಿದ ದಾರಗಳಲ್ಲಿ ಇಡುತ್ತಿದ್ದರು.

ಸಿಯೆಜಾ ದೆ ಲಿಯೋನ್ ಎಂಬ ಸ್ಪ್ಯಾನಿಷ್ ಬರಹಗಾರ 1550ರ ಸುಮಾರಿಗೆ ಕುಸ್ಕೊದಲ್ಲಿ ವಿಚಾರಿಸಿ ಬರೆದಿಟ್ಟ. ಇಪ್ಪತ್ತು ಸಾವಿರ ಜನ ಕೆಲಸಕ್ಕೆ ಬಂದಿದ್ದರು. ನಾಲ್ಕು ಸಾವಿರ ಜನ ಕಲ್ಲು ಒಡೆಯಲು, ಆರು ಸಾವಿರ ಜನ ತೊಗಲು ಮತ್ತು ನಾರಿನ ದಪ್ಪ ಹಗ್ಗಗಳಿಂದ ಎಳೆಯಲು, ಉಳಿದವರು ಅಡಿಪಾಯ ತೋಡಲು, ಮರ ಕಡಿಯಲು. ಎತ್ತು ಇಲ್ಲ, ಕುದುರೆ ಇಲ್ಲ, ಗಾಡಿ ಇಲ್ಲ. ಅಲ್ಲಿನ ಲಾಮಾ ಪ್ರಾಣಿ ಮೂವತ್ತು ಕಿಲೋ ಹೊತ್ತರೆ ಹೆಚ್ಚು. ಎಲ್ಲ ಎಳೆತವೂ ಮನುಷ್ಯರದ್ದೇ.

ಇದು ಸುಖದ ಕೆಲಸ ಆಗಿರಲಿಲ್ಲ. ಎಳೆಯುತ್ತ ಎಳೆಯುತ್ತ ಕೋಟೆ ತಲುಪದೇ ಬಯಲಲ್ಲೇ ಉಳಿದ ಒಂದು ಕಲ್ಲಿನ ಕಥೆ ಇದೆ. "ದಣಿದ ಕಲ್ಲು" ಎಂದು ಅದಕ್ಕೆ ಹೆಸರು. ಇಳಿಜಾರಿನಲ್ಲಿ ಅದು ಹಿಡಿತ ತಪ್ಪಿ ಉರುಳಿ ಮೂರು ನಾಲ್ಕು ಸಾವಿರ ಜನರನ್ನು ಕೊಂದಿತು, ಆಮೇಲೆ ರಕ್ತ ಕಣ್ಣೀರು ಸುರಿಸಿತು ಎಂದು ಕುಸ್ಕೊದಲ್ಲೇ ಹುಟ್ಟಿದ ಬರಹಗಾರ ಗಾರ್ಸಿಲಾಸೊ ದೆ ಲಾ ವೇಗಾ ಬರೆದಿದ್ದಾನೆ. ಸಂಖ್ಯೆ ದೊಡ್ಡದಾಗಿರಬಹುದು. ಆದರೆ ಕಲ್ಲಿನಡಿ ಸಿಕ್ಕಿ ಸತ್ತವರ ನೆನಪು ಅದರೊಳಗಿದೆ.

ಗಿಡದ ರಸ ಹಚ್ಚಿ ಕಲ್ಲು ಮೆತ್ತಗೆ ಮಾಡಿದರು, ಅನ್ಯಗ್ರಹದವರು ಬಂದು ಕಟ್ಟಿದರು ಅನ್ನುವುದು?

ಮೆತ್ತಗಾಗಿದ್ದ ಕಲ್ಲಿನ ಮೇಲೆ ಸುತ್ತಿಗೆಕಲ್ಲಿನ ಗುಳಿಗಳು ಯಾಕಿವೆ? ಅನ್ಯಗ್ರಹದ ಯಂತ್ರ ಇದ್ದಿದ್ದರೆ ಕ್ವಾರಿಯಲ್ಲಿ ಸವೆದ ಗುಂಡುಕಲ್ಲು ಯಾಕೆ ಬಿದ್ದಿವೆ? ಇಷ್ಟು ಕೇಳಿದರೆ ಸಾಕು.

ಈ ಮಾತುಗಳು ನನಗೆ ಬರೀ ತಮಾಷೆಯಾಗಿ ಕಾಣುವುದಿಲ್ಲ. ಕುಸ್ಕೊದ ಸುತ್ತ ಇವತ್ತಿಗೂ ಕೆಚುವಾ ಭಾಷೆ ಆಡುವ ಜನ ಲಕ್ಷಗಟ್ಟಲೆ ಇದ್ದಾರೆ. ಅವರ ಹಿರಿಯರು ಕೈ ಸವೆಸಿ ಕಟ್ಟಿದ್ದನ್ನು ಇನ್ಯಾರದೋ ಖಾತೆಗೆ ಬರೆಯುವುದು ಅನ್ಯಾಯ. ಯುರೋಪಿನ ಚರ್ಚುಗಳ ಬಗ್ಗೆ ಯಾರೂ ಇಂಥ ಅನುಮಾನ ಎತ್ತುವುದಿಲ್ಲ ಅನ್ನುವುದನ್ನು ಗಮನಿಸಿ.

ಇದು ನಿಜಕ್ಕೂ ಕೋಟೆಯಾ, ದೇವಸ್ಥಾನವಾ?

ಎರಡೂ ಹೌದು ಎಂದೇ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಪೆರುವನ್ನು ಗೆದ್ದ ಸ್ಪ್ಯಾನಿಷ್ ದಂಡನಾಯಕ ಫ್ರಾನ್ಸಿಸ್ಕೊ ಪಿಜಾರೊನ ಕಾರ್ಯದರ್ಶಿ ಪೆದ್ರೊ ಸಾಂಚೊ 1534ರಲ್ಲೇ ಇದನ್ನು ಕಂಡು ಬರೆದ. ಒಳಗೆ ಆಯುಧ, ಬಟ್ಟೆ, ಸಾಮಾನು ತುಂಬಿದ ಉಗ್ರಾಣಗಳಿದ್ದವು. ಸ್ಪೇನಿನ ಸೆಗೋವಿಯಾದಲ್ಲಿ ರೋಮನ್ನರು ಕಟ್ಟಿದ್ದೂ ಇದರ ಮುಂದೆ ನಿಲ್ಲಲಾರದು ಎಂದ. ಸಿಯೆಜಾ ಇದನ್ನು ಸೂರ್ಯನ ಮನೆ ಎಂದು ಕರೆದ. ಎದುರಿನ ಬಯಲು ದೊಡ್ಡ ಹಬ್ಬಗಳಿಗೆ ಹೇಳಿ ಮಾಡಿಸಿದಂತಿದೆ.

ಕೋಟೆಯೇ ಅಲ್ಲ, ಬರೀ ಪೂಜಾಸ್ಥಳ ಎಂದು ವಾದಿಸುವವರೂ ಇದ್ದಾರೆ. ನನಗೆ ಆ ವಾದ ಒಪ್ಪಿಗೆಯಾಗುವುದಿಲ್ಲ. ಶತ್ರು ಸುಲಭವಾಗಿ ಬರಬಹುದಾದ ಒಂದೇ ದಿಕ್ಕಿನಲ್ಲಿ ಮೂರು ಸಾಲು ಗೋಡೆ, ಇಕ್ಕಟ್ಟಾದ ಬಾಗಿಲುಗಳು. ಪೂಜೆಗೆ ಇದು ಬೇಕಾಗಿರಲಿಲ್ಲ.

ಗೋಡೆ ಅಂಕುಡೊಂಕಾಗಿ ಯಾಕಿದೆ?

ನೇರ ಗೋಡೆಯ ಬುಡಕ್ಕೆ ಬಂದು ನಿಂತವನಿಗೆ ಪಕ್ಕದಿಂದ ಏಟು ಬೀಳುವುದಿಲ್ಲ. ಅಂಕುಡೊಂಕು ಗೋಡೆಯಲ್ಲಿ ಒಳಮೂಲೆಗೆ ನುಗ್ಗಿದವನಿಗೆ ಎರಡೂ ಕಡೆಯಿಂದ ಕವಣೆಕಲ್ಲು ಬೀಳುತ್ತದೆ. ಜೊತೆಗೆ ಇನ್ನೊಂದು ನಂಬಿಕೆ ಇದೆ: ಕುಸ್ಕೊ ಪಟ್ಟಣವನ್ನು ಪೂಮಾ ಎಂಬ ಬೆಟ್ಟದ ಸಿಂಹದ ಆಕಾರದಲ್ಲಿ ರೂಪಿಸಿದರು, ಸಕ್ಸಾಯ್‌ವಾಮನ್ ಅದರ ತಲೆ, ಈ ಗೋಡೆಗಳು ಹಲ್ಲು. ಸಿಡಿಲಿನ ದೇವರು ಇಯಾಪಾನ ಗುರುತು ಅನ್ನುವವರೂ ಇದ್ದಾರೆ.

1536ರಲ್ಲಿ ಇಲ್ಲಿ ಏನಾಯಿತು?

ಪಿಜಾರೊನ ಸ್ಪ್ಯಾನಿಷ್ ಪಡೆ 1533ರ ನವೆಂಬರಿನಲ್ಲಿ ಕುಸ್ಕೊ ಹೊಕ್ಕಿತು. ತಮ್ಮ ಮಾತು ಕೇಳಲಿ ಎಂದು ಮಾಂಕೊ ಇಂಕಾ ಎಂಬ ತರುಣನನ್ನು ಪಟ್ಟಕ್ಕೆ ಕೂರಿಸಿದರು. ಆಮೇಲೆ ಅವನನ್ನೇ ಸರಪಳಿ ಹಾಕಿ ಅವಮಾನಿಸಿದರು. ಅವನು 1536ರ ಏಪ್ರಿಲಿನಲ್ಲಿ ತಪ್ಪಿಸಿಕೊಂಡು ಭಾರಿ ಸೈನ್ಯ ಕಟ್ಟಿ ಬಂದ. ಮೇ ತಿಂಗಳಲ್ಲಿ ಮುತ್ತಿಗೆ ಶುರುವಾಯಿತು. ಸಕ್ಸಾಯ್‌ವಾಮನ್ ಇಂಕಾಗಳ ಕೈಗೆ ಬಂತು. ಕಾಯಿಸಿದ ಕಲ್ಲನ್ನು ಹತ್ತಿಯಲ್ಲಿ ಸುತ್ತಿ ಕವಣೆಯಿಂದ ಎಸೆದರು. ಪಟ್ಟಣದ ಹುಲ್ಲಿನ ಚಾವಣಿಗಳು ಹೊತ್ತಿ ಉರಿದವು.

ಊರೊಳಗಿದ್ದ ಸ್ಪ್ಯಾನಿಷರು ಇನ್ನೂರಕ್ಕೂ ಕಡಿಮೆ. ಜೊತೆಗೆ ಇಂಕಾಗಳ ವಿರೋಧಿಗಳಾದ ಸ್ಥಳೀಯ ಪಡೆಗಳಿದ್ದವು. ಕೋಟೆ ಹಿಡಿಯದೆ ಉಳಿಗಾಲವಿಲ್ಲ ಎಂದು ಅವರಿಗೆ ಗೊತ್ತಾಯಿತು. ಫ್ರಾನ್ಸಿಸ್ಕೊ ಪಿಜಾರೊನ ತಮ್ಮ ಹುವಾನ್ ಪಿಜಾರೊ ದಾಳಿಯ ಮುಂದಾಳು. ಹಿಂದಿನ ಪೆಟ್ಟಿನಿಂದ ದವಡೆ ಊದಿ ಅವನಿಗೆ ಶಿರಸ್ತ್ರಾಣ ಹಾಕಲು ಆಗಿರಲಿಲ್ಲ. ಮೇಲಿನಿಂದ ಬಿದ್ದ ಕಲ್ಲು ತಲೆಗೆ ತಗುಲಿತು. ಕೆಲವೇ ದಿನಗಳಲ್ಲಿ ಸತ್ತ. ಆಮೇಲೆ ಸ್ಪ್ಯಾನಿಷರು ಏಣಿ ಹಾಕಿ ಹತ್ತಿದರು. ಗೋಪುರಗಳಲ್ಲಿದ್ದ ಇಂಕಾ ಯೋಧರಿಗೆ ನೀರು ಮುಗಿದಿತ್ತು, ಎಸೆಯುವ ಕಲ್ಲೂ ಮುಗಿದಿತ್ತು. ಅವರ ನಾಯಕನೊಬ್ಬ ಕೊನೆಯವರೆಗೂ ಕಾದಾಡಿ, ಸೆರೆಸಿಕ್ಕಬಾರದೆಂದು ಗೋಪುರದಿಂದ ಹಾರಿದ. ಪೆರುವಿನ ಮಕ್ಕಳು ಅವನನ್ನು ಕಾಹುಯಿದೆ ಎಂಬ ಹೆಸರಿನಲ್ಲಿ ಓದುತ್ತಾರೆ.

ಹೆಣಗಳ ಮೇಲೆ ಕಾಂಡೋರ್ ರಣಹದ್ದುಗಳು ಇಳಿದವು. 1540ರಲ್ಲಿ ಸ್ಪೇನ್ ದೊರೆ ಕುಸ್ಕೊಗೆ ಕೊಟ್ಟ ಲಾಂಛನದಲ್ಲಿ ಒಂದು ಕೋಟೆ, ಸುತ್ತ ಎಂಟು ಕಾಂಡೋರ್. ಅವು ಈ ಕದನದವೇ.

ಅಷ್ಟು ದೊಡ್ಡ ಕೋಟೆಯಲ್ಲಿ ಈಗ ಬರೀ ಹೊರಗೋಡೆ ಯಾಕೆ ಉಳಿದಿದೆ?

ಹೊತ್ತೊಯ್ಯಲು ಆಗುವಂಥದ್ದನ್ನೆಲ್ಲ ಹೊತ್ತೊಯ್ದರು. ಸ್ಪ್ಯಾನಿಷರ ಮನೆಗಳಿಗೆ, ಕುಸ್ಕೊದ ದೊಡ್ಡ ಚರ್ಚಿಗೆ ಇಲ್ಲಿನ ಕೆತ್ತಿದ ಕಲ್ಲು ಇಳಿಯಿತು. ತಲೆಮಾರುಗಟ್ಟಲೆ ಈ ಕೋಟೆ ಪಟ್ಟಣದ ಕ್ವಾರಿಯಾಯಿತು. ನಾವಿಂದು ನೋಡುವುದು ಯಾರಿಂದಲೂ ಅಲುಗಾಡಿಸಲು ಆಗದೆ ಬಿಟ್ಟುಹೋದ ಭಾಗ. ಗಾರ್ಸಿಲಾಸೊ 1539ರಲ್ಲಿ ಕುಸ್ಕೊದಲ್ಲೇ ಹುಟ್ಟಿದವನು. ತಾಯಿ ಇಂಕಾ ರಾಜಮನೆತನದವಳು, ತಂದೆ ಸ್ಪ್ಯಾನಿಷ್. ಬಾಲ್ಯದಲ್ಲಿ ಇಲ್ಲೇ ಆಡಿ ಬೆಳೆದ ಅವನು, ಉಳಿಸಿಕೊಳ್ಳಬೇಕಾದ್ದನ್ನು ಕೆಡವಿದರಲ್ಲ ಎಂದು ಮುಪ್ಪಿನಲ್ಲಿ ಮರುಗಿ ಬರೆದ.

ಅಗೆತದಲ್ಲಿ ಏನು ಸಿಕ್ಕಿದೆ?

ಗಾರ್ಸಿಲಾಸೊ ಮೂರು ಗೋಪುರಗಳ ಬಗ್ಗೆ ಬರೆದಿದ್ದ: ಮುಯುಕ್ ಮಾರ್ಕಾ, ಸಲ್ಯಾಕ್ ಮಾರ್ಕಾ, ಪಾವ್ಕರ್ ಮಾರ್ಕಾ. ನೆಲದ ಮೇಲೆ ಅವುಗಳ ಸುಳಿವೇ ಇರಲಿಲ್ಲ. 1934ರಲ್ಲಿ ಪೆರುವಿನ ಪುರಾತತ್ವಜ್ಞ ಲೂಯಿಸ್ ವಾಲ್ಕಾರ್ಸೆಲ್ ಅಗೆಸಿದಾಗ ಮಣ್ಣಿನಡಿ ಅಡಿಪಾಯಗಳು ಸಿಕ್ಕವು. ಮುಯುಕ್ ಮಾರ್ಕಾ ದುಂಡಗಿತ್ತು. ಒಂದರೊಳಗೊಂದು ಮೂರು ವೃತ್ತದ ಗೋಡೆ, ನಡುವೆ ನೀರಿನ ಕಾಲುವೆಗಳು. ಬಾಲ್ಯದ ನೆನಪಿನಿಂದ ಬರೆದ ಮಾತು ನೆಲದಡಿಯಿಂದ ನಿಜವಾಗಿ ಎದ್ದು ಬಂತು.

2008ರಲ್ಲಿ ಕೋಟೆಯ ಅಂಚಿನಲ್ಲಿ ಇಂಕಾ ಪೂರ್ವದ ದೇವಸ್ಥಾನ, ರಸ್ತೆ, ನೀರಾವರಿ ಕಾಲುವೆ ಸಿಕ್ಕ ಸುದ್ದಿ ಬಂತು. ಕಿಲ್ಕೆ ಜನರ ಕಾಲದ್ದು. ಇಂಕಾಗಳು ಖಾಲಿ ಗುಡ್ಡದ ಮೇಲೆ ಕಟ್ಟಲಿಲ್ಲ, ಆಗಲೇ ಪವಿತ್ರವಾಗಿದ್ದ ಜಾಗವನ್ನು ತಮ್ಮದಾಗಿಸಿಕೊಂಡು ದೊಡ್ಡದು ಮಾಡಿದರು ಎಂಬುದಕ್ಕೆ ಇದು ಬಲ ಕೊಟ್ಟಿತು.

ಕೆಳಗೆ ಸುರಂಗ ಇದೆಯಾ?

ಚಿಂಕಾನಾ ಎಂಬ ಸುರಂಗದ ಕಥೆ ಹಳೆಯದು. ಹಿಂದೆ ದಾರದ ಉಂಡೆಯನ್ನು ಬಾಗಿಲಿಗೆ ಕಟ್ಟಿಕೊಂಡು ಒಳಹಾದಿಗೆ ಇಳಿಯುತ್ತಿದ್ದರು, ಹುಡುಗರಾಗಿದ್ದ ನಾವು ಹೆದರಿ ಬಿಸಿಲು ಬೀಳುವಷ್ಟು ದೂರ ಮಾತ್ರ ಹೋಗುತ್ತಿದ್ದೆವು ಎಂದು ಗಾರ್ಸಿಲಾಸೊ ಬರೆದಿದ್ದಾನೆ. ಕುಸ್ಕೊದ ಸೂರ್ಯ ದೇವಾಲಯ ಕೊರಿಕಾಂಚಾದಿಂದ ಇಲ್ಲಿಯವರೆಗೆ ನೆಲದಡಿ ಹಾದಿಯ ಕುರುಹು ರೇಡಾರ್‌ನಲ್ಲಿ ಕಂಡಿದೆ ಎಂದು 2025ರ ಜನವರಿಯಲ್ಲಿ ಪುರಾತತ್ವಜ್ಞರು ಪ್ರಕಟಿಸಿದರು. ಅಗೆದು ನೋಡಿದ ಮೇಲಷ್ಟೇ ಅದು ಖಚಿತ.

ಭೂಕಂಪಕ್ಕೆ ಬೀಳಲಿಲ್ಲವಾ?

ಕುಸ್ಕೊದಲ್ಲಿ 1650ರಲ್ಲಿ, 1950ರಲ್ಲಿ ದೊಡ್ಡ ಭೂಕಂಪಗಳಾದವು. ಸ್ಪ್ಯಾನಿಷರ ಕಟ್ಟಡಗಳು ಉರುಳಿದವು, ಇಂಕಾ ಗೋಡೆಗಳು ಬಹುತೇಕ ನಿಂತವು. ಗೋಡೆ ಒಳಗೆ ತುಸು ವಾಲಿದೆ. ಗಾರೆ ಇಲ್ಲದ ಕಾರಣ ಕಲ್ಲುಗಳು ಚೂರು ಅಲುಗಿ ಮತ್ತೆ ಕೂರುತ್ತವೆ. ಹಲವು ಮೂಲೆಗಳ ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿರುವುದರಿಂದ ನೇರ ಬಿರುಕು ಓಡುವುದಿಲ್ಲ.

ಹೋಗಿ ನೋಡಬೇಕೆಂದರೆ?

ಲಿಮಾದಿಂದ ಕುಸ್ಕೊಗೆ ವಿಮಾನದಲ್ಲಿ ಒಂದೂಕಾಲು ಗಂಟೆ. ಮುಖ್ಯ ಚೌಕದಿಂದ ಕೋಟೆಗೆ ಸುಮಾರು ಎರಡು ಕಿಲೋಮೀಟರ್, ಪೂರ್ತಿ ಏರು. ಇಳಿದ ದಿನವೇ ಹತ್ತಬೇಡಿ. ಎತ್ತರಕ್ಕೆ ತಲೆನೋವು, ವಾಂತಿ ಬರುತ್ತದೆ. ಒಂದೆರಡು ದಿನ ಪಟ್ಟಣದಲ್ಲಿ ನಿಧಾನವಾಗಿ ಓಡಾಡಿ ಆಮೇಲೆ ಹೋಗಿ. ಮೇನಿಂದ ಸೆಪ್ಟೆಂಬರ್‌ವರೆಗೆ ಮಳೆ ಕಡಿಮೆ, ರಾತ್ರಿ ಚಳಿ ಜಾಸ್ತಿ. ಜೂನ್ 24ರಂದು ಇಂತಿ ರೈಮಿ ಎಂಬ ಸೂರ್ಯನ ಹಬ್ಬ ಎದುರಿನ ಬಯಲಲ್ಲಿ ನಡೆಯುತ್ತದೆ. ಸ್ಪ್ಯಾನಿಷರ ಕಾಲದಲ್ಲಿ ನಿಂತುಹೋಗಿದ್ದನ್ನು 1944ರಲ್ಲಿ ಮತ್ತೆ ಶುರು ಮಾಡಿದರು. ಅಂದು ವಿಪರೀತ ಜನ. ಗೋಡೆಯನ್ನು ನೆಮ್ಮದಿಯಿಂದ ನೋಡಬೇಕಿದ್ದರೆ ಬೇರೆ ದಿನ ಬೆಳಿಗ್ಗೆ ಬೇಗ ಹೋಗಿ. ಓರೆ ಬಿಸಿಲಿನಲ್ಲಿ ಸುತ್ತಿಗೆಕಲ್ಲಿನ ಗುಳಿಗಳು ಚೆನ್ನಾಗಿ ಕಾಣುತ್ತವೆ.

ಹೋಟೆಲುಗಳಲ್ಲಿ ಎತ್ತರದ ಸುಸ್ತಿಗೆ ಕೋಕಾ ಎಲೆಯ ಚಹಾ ಕೊಡುತ್ತಾರೆ. ಅಲ್ಲಿ ಅದು ಮಾಮೂಲು. ಆದರೆ ಎಲೆಯಾಗಲಿ, ಚಹಾ ಪೊಟ್ಟಣವಾಗಲಿ ಬ್ಯಾಗಿನಲ್ಲಿ ಇಟ್ಟುಕೊಂಡು ಊರಿಗೆ ತರಬೇಡಿ. ನಮ್ಮ ದೇಶದಲ್ಲಿ ಕೋಕಾ ಎಲೆ ಮಾದಕವಸ್ತು ಕಾನೂನಿನಡಿ ಬರುತ್ತದೆ.